ಪಡುವಲಕ್ಕೆ ಮುಖ ಮಾಡಿದ ಗಿರಣಿ

೧೦ ನವೆಂಬರ್ ೧೯೭೪, ರವಿವಾರ

ಈ ಡೈರಿಯನ್ನು ವರ್ಷದ ಮೊದಲಲ್ಲಿ ವಿಮೆಯ ಏಜೆಂಟನೊಬ್ಬ ಕೊಟ್ಟಿದ್ದ. ಇಷ್ಟು ದಿನ ಅದರ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದೆ. ಇಂದು ತೆಗೆದು ಒರೆಸಿದ್ದೇನೆ. ಈ ಮನೆಯಲ್ಲಿ ನಿಜ ಹೇಳಿಕೊಳ್ಳಲು ನನಗೆ ಬೇರೆ ಜಾಗ ಉಳಿದಿಲ್ಲ.

ನಿಜ ಏನೆಂದರೆ, ನಮ್ಮ ಯಜಮಾನರು ಇನ್ನು ನಡೆಯುವುದಿಲ್ಲ. ಡಾಕ್ಟರರು ನಿನ್ನೆ ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ಸೊಂಟದ ಕೆಳಗೆ ಜೀವ ಮರಳುವ ಆಸೆ ಇಟ್ಟುಕೊಳ್ಳಬೇಡಿ ಎಂದರು. ಒಳಗೆ ಬಂದರೆ ಇವರು, "ಡಾಕ್ಟರ್ ಏನಂದ್ರು? ಮುಂಗಾರಿಗೆ ಏಳ್ತೀನೋ ಇಲ್ಲೋ?" ಎಂದು ಕೇಳಿದರು. "ಏಳ್ತೀರಿ" ಎಂದೆ. ಸಾಲೆಯಲ್ಲಿ ಸುಳ್ಳು ಹೇಳಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ಎಲ್ಲದಕ್ಕೂ ಕಾರಣ ಆ ಗಿರಣಿ. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ದಿನ್ನೆಯ ಮೇಲೆ, ಇವರ ಮನೆತನದ್ದೊಂದು ಗಾಳಿ ಗಿರಣಿ ಇದೆ. ಯಾವನೋ ಇಂಗ್ಲಿಷ್ ಸಾಹೇಬ ತನ್ನ ಊರಿನ ಮಾದರಿಯಲ್ಲಿ ಕಟ್ಟಿಸಿದ್ದು. ಕರಿ ಕಲ್ಲಿನ ದುಂಡು ಗೋಪುರ, ಅದರ ಮೇಲೆ ಕಟ್ಟಿಗೆಯ ಟೊಪ್ಪಿಗೆ, ಟೊಪ್ಪಿಗೆಗೆ ನಾಲ್ಕು ರೆಕ್ಕೆ. ಮುಂಗಾರಿನ ಪಡುವಲ ಗಾಳಿಗೆ ಜೋಳ ಬೀಸಿಕೊಡುತ್ತದೆ. ಉಳಿದ ತಿಂಗಳೆಲ್ಲ ಊಟಕ್ಕೆ ದಂಡ. ಮದುವೆಯಾದ ದಿನದಿಂದ ನಾನು ಅದನ್ನು ಸವತಿ ಎಂದೇ ಕರೆದಿದ್ದೇನೆ. ನನಗೆ ವಿಜಾಪುರಕ್ಕೆ ವರ್ಗವಾಗಿ ಜಲನಗರದಲ್ಲಿ ಮನೆ ಹಿಡಿದರೂ ಇವರು ಬಸ್ಸು ಹತ್ತಿ ಅವಳ ಹತ್ತಿರವೇ ಹೋಗುತ್ತಿದ್ದರು.

ಮುಂಗಾರು ಮುಗಿದು ಮೂಡಗಾಳಿ ಏಳುವ ಮೊದಲು ರೆಕ್ಕೆಗಳಿಗೆ ಹೊದಿಸಿದ ತಾಡಪತ್ರಿ ಬಿಚ್ಚಬೇಕು. ಕೆಳಗಿಳಿದ ರೆಕ್ಕೆಯನ್ನು ನೆಲದಲ್ಲಿ ಹೂತ ಕಲ್ಲಿನ ಬಳೆಗೆ ಹಗ್ಗದಿಂದ ಬಿಗಿಯಬೇಕು. ಇದಕ್ಕೆ ಗಿರಣಿ ಕಟ್ಟುವುದು ಎನ್ನುತ್ತಾರೆ. ರಮಜಾನ್ ಹಬ್ಬದ ಮರುದಿನ ಕಟ್ಟಲು ಹೋಗಿದ್ದರು. ಮೂರು ರೆಕ್ಕೆ ಬಿಚ್ಚಿ, ನಾಲ್ಕನೆಯದನ್ನು ಏರಿದಾಗ ಗಾಳಿ ಹಿಂದಿನಿಂದ ಬಂತು. ಪಕ್ಕದ ಹೊಲದ ಭಾಗಪ್ಪ ನೋಡಿ ಓಡಿ ಬಂದನಂತೆ. ಅಷ್ಟರಲ್ಲಿ ಬಿದ್ದಿದ್ದರು.

೧೮ ನವೆಂಬರ್, ಸೋಮವಾರ

ಬೆನ್ನಿಗೆ ಹುಣ್ಣಾಗದಂತೆ ಆಗಾಗ ಹೊರಳಿಸಬೇಕು. ನಾನು ಸಾಲೆಗೆ ಹೋದಾಗ ಅತ್ತೆ, ಬಂದ ಮೇಲೆ ನಾನು. ಬೆಳಗಿನ ಮೊದಲ ಮಾತು ಎಂದರೆ, "ಗಾಳಿ ಯಾ ಕಡಿಗಿಂದ ಐತಿ, ಸಬೀರಾ?"

ಗಾಳಿ ಯಾವ ಕಡೆಯದೆಂದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಪುರಸೊತ್ತೂ ಇಲ್ಲ. ಬಾಯಿಗೆ ಬಂದ ದಿಕ್ಕು ಹೇಳಿ ಗಂಜಿ ಕುಡಿಸುತ್ತೇನೆ.

"ನಾಕನೇ ರೆಕ್ಕಿ ಹಂಗ ಐತಿ," ಎನ್ನುತ್ತಾರೆ. "ಯಾರರೆ ಹೋಗಿ ಕಟ್ಟಬೇಕಲ್ಲ."

ಯಾರು ಹೋಗುತ್ತಾರೆ? ಇವರು ಬಿದ್ದದ್ದನ್ನು ಕಂಡ ಮೇಲೆ ಸುತ್ತಲಿನ ಹಳ್ಳಿಯವರು ಅದರ ನೆರಳು ಸಹ ತುಳಿಯುತ್ತಿಲ್ಲ.

೨ ಡಿಸೆಂಬರ್, ಸೋಮವಾರ

ಮಧ್ಯಾಹ್ನದ ಬಿಡುವಿನಲ್ಲಿ ಸಾಲೆಗೆ ಒಬ್ಬರು ಬಂದರು. ಗುರಲಿಂಗಪ್ಪ ಅಂತ, ರಸ್ತೆ ಕೆಲಸದ ಓವರಸಿಯರ್. ಸೈಕಲ್ಲನ್ನು ಬೇವಿನ ಮರಕ್ಕೆ ಆನಿಸಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು.

"ಅಕ್ಕೋರ, ಮನಿಗೇ ಬರಬೇಕಾಗಿತ್ತು. ಯಜಮಾನ್ರು ಮಲಗ್ಯಾರ ಅಂತ ಕೇಳಿ ಇಲ್ಲಿಗೆ ಬಂದ್ನಿರಿ."

ತಿಕೋಟಾ–ಬಬಲೇಶ್ವರ ರಸ್ತೆ ಅಗಲವಾಗಿ ನೇರವಾಗುತ್ತದಂತೆ. ಗಿರಣಿ ಸರಿಯಾಗಿ ಅದರ ದಾರಿಯಲ್ಲಿದೆ. ಬೇಸಿಗೆ ಮುಗಿಯುವುದರೊಳಗೆ ಕೆಡವಿ, ಆ ಕಲ್ಲನ್ನೇ ರಸ್ತೆಯ ಬುಡಕ್ಕೆ ಹಾಕುತ್ತಾರೆ. ಹೇಳುವಾಗ ಆ ಮನುಷ್ಯ ನನ್ನ ಮುಖ ನೋಡಲಿಲ್ಲ.

ನನಗಾದದ್ದು ಸಂತೋಷ. ಬರೆದುಬಿಡುತ್ತೇನೆ. ಗಿರಣಿಯೇ ಇಲ್ಲದಿದ್ದರೆ ಏರುವ ಮಾತೂ ಇಲ್ಲ, ಮುಂಗಾರಿಗೆ ಏಳುವ ಮಾತೂ ಇಲ್ಲ. ಡಾಕ್ಟರರ ಮಾತು ನಾನು ಹೇಳಬೇಕಾಗಿಯೇ ಬರಲಿಕ್ಕಿಲ್ಲ. "ಆಗಲಿ, ಕೆಡವ್ರಿ" ಎಂದೆ. ಗುರಲಿಂಗಪ್ಪನವರು ನಾನು ಅಳುತ್ತೇನೆಂದು ತಯಾರಾಗಿ ಬಂದಿದ್ದರೋ ಏನೋ, ಗಾಬರಿಯಾಗಿ ಸೈಕಲ್ ಹತ್ತಿ ಹೋದರು.

ಇವರಿಗೆ ಹೇಳಿಲ್ಲ. ಅತ್ತೆಗೂ ಇಲ್ಲ.

೮ ಡಿಸೆಂಬರ್, ರವಿವಾರ

ಅತ್ತೆಗೆ ಸುದ್ದಿ ಹೇಗೋ ತಲುಪಿದೆ. ತಿಕೋಟಾದಿಂದ ಬರುವ ಹಾಲಿನವನ ಬಾಯಿಗೆ ಬೀಗವಿಲ್ಲ. ಇವರು ನಿದ್ದೆ ಹೋಗಿದ್ದಾಗ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಮಾತು ತೆಗೆದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಗಿರಣಿಯ ಕಥೆ ಹೇಳಿದರು. ಇಷ್ಟು ವರ್ಷ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಆ ದೊಡ್ಡ ಬರಗಾಲ, ಡೋಗಿ ಬರಾ ಅಂತಾರಲ್ಲ, ಅದು ಮುಗದ ಮ್ಯಾಲ ಬಂದಾಂವ ಬೇ ಅವ. ಹಡಸನ ಸಾಹೇಬ ಅಂತ. ಅವರ ಊರಾಗ ಸಮುದ್ರದ ದಂಡಿಗಿ ಅವರಪ್ಪನ ಗಿರಣಿ ಇತ್ತಂತ. ಇಲ್ಲಿ ರಸ್ತಾ ಅಳ್ಯಾಕ ಬಂದು ಆ ದಿನ್ನಿ ಮ್ಯಾಲ ನಿಂತಾಗ ತಲಿಮ್ಯಾಲಿನ ಟೊಪಗಿ ಹಾರಿ ಹೋತಂತ. ಹಿಡ್ಯಾಕ ಓಡಲಿಲ್ಲಂತ ನೋಡು! ನಿಂತು ನಕ್ಕೋತ, 'ಗಿರಣಿ ಇಲ್ಲೇ ಕಟ್ಟೂಣು' ಅಂದನಂತ."

ಬಾಗಿಲು, ತೊಲೆ, ಹಲ್ಲಿನ ಗಾಲಿ ಎಲ್ಲ ದಾಂಡೇಲಿಯ ಸಾಗವಾನಿ. ಕಟ್ಟಿದವರು ವಿಜಾಪುರದ ಗೌಂಡಿಗಳು. ಕೆಳಗೆ ಹಿಟ್ಟು ಬೀಳುವ ಕೋಣೆ, ನಡುವೆ ಬೀಸುಕಲ್ಲು, ಮೇಲೆ ಕಾಳು ಸುರಿಯುವ ಅಟ್ಟ. ಸಾಹೇಬನ ದೇಶದಲ್ಲಿ ಗಿರಣಿಯ ಟೊಪ್ಪಿಗೆ ಗೋಪುರದ ಮೇಲೆ ಸುತ್ತ ಹೊರಳುತ್ತದಂತೆ. ಗಾಳಿ ಯಾವ ಕಡೆಯಿಂದ ಬಂದರೂ ರೆಕ್ಕೆಗಳನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸಬಹುದು. ಅದಕ್ಕೆ ಗೋಪುರದ ಅಂಚು ಸಪಾಟಾಗಿರಬೇಕು. ಗೋಪುರ ತುದಿ ಮುಟ್ಟುವ ಹೊತ್ತಿಗೆ ಸಾಹೇಬ ಜ್ವರ ಹಿಡಿದು ಮಲಗಿದ.

"ಗೌಂಡ್ಯಾರಿಗೆ ದುಂಡಗ ಕಟ್ಟು ಅಂದ್ರ ಗುಮ್ಮಟ ಒಂದ ಗೊತ್ತು. ಗುಮ್ಮಟದ ಬುಡಕ್ಕ ಕಮಲದ ಎಸಳು ಬೇಕಲ್ಲ? ಕೆತ್ತಿ ಸುತ್ತೂಕಡೆ ಕುಂದ್ರಿಸಿಬಿಟ್ರು! ಕೂಲಿನೂ ಬ್ಯಾಡ ಅಂದ್ರಂತ, ಸಾಹೇಬಗ ನಮ್ಮ ಕಾಣಿಕಿ ಅಂತ."

ನನಗೆ ನಗು ತಡೆಯಲಿಲ್ಲ. ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಎಸಳಿನ ನಡುವ ಟೊಪಗಿ ಹ್ಯಾಂಗ ತಿರಗಬೇಕು? ಒಡೀರಿ ಅಂದ. ಒಬ್ಬನೂ ಸುತಗಿ ಎತ್ತಲಿಲ್ಲ. 'ಎಸಳಿಲ್ಲಂದ್ರ ಬೋಳ ಕಾಣತೈತ್ರಿ ಸಾಹೇಬ್ರ' ಅಂದ್ರು. ಕಡಿಗೆ ತಾನ ಸುತಗಿ ಹಿಡಕೊಂಡು ಏರಿದ. ಸಂಜಿ ತನಕಾ ಅಲ್ಲೇ ಕುಂತಿದ್ದ. ಹಂಗ ಇಳದು ಬಂದ."

ಮುಂಗಾರು ಪಡುವಲದಿಂದ ಬರುತ್ತದಲ್ಲ, ಟೊಪ್ಪಿಗೆಯನ್ನು ಪಡುವಲಕ್ಕೆ ಮುಖ ಮಾಡಿ ಎಸಳುಗಳ ನಡುವೆ ಕೂರಿಸಿಬಿಟ್ಟ. ಹಿಂದಿನಿಂದ ಗಾಳಿ ಬೀಸಿದರೆ ಟೊಪ್ಪಿಗೆಯೇ ಕಿತ್ತು ಬೀಳುವ ಭಯ. ಆಗಿನಿಂದ ಈ ಕಟ್ಟುವ ಪದ್ಧತಿ. ಊರಿಗೆ ಮರಳುವಾಗ ಸಾಹೇಬ ಗಿರಣಿಯನ್ನು ಇವರ ಮುತ್ತಜ್ಜನ ಕೈಗೆ ಒಪ್ಪಿಸಿದನಂತೆ.

ಹೊರಳಲಾರದ್ದನ್ನು ಕಟ್ಟಿಕೊಂಡು ನಾಲ್ಕು ತಲೆಮಾರು ಬದುಕಿದ್ದಾರೆ. ಎಂಥ ಜನವಪ್ಪಾ.

೧೫ ಡಿಸೆಂಬರ್, ರವಿವಾರ

ಗಿರಣಿಗೆ ಹೋಗಿದ್ದೆ. ಎಸಳು ನೋಡಲಿಕ್ಕೆ. ಬೇರೆ ಕಾರಣವಿಲ್ಲ.

ಅದರ ನೆರಳಿನಲ್ಲಿ ಎಷ್ಟು ಸಲ ಬುತ್ತಿ ಬಿಚ್ಚಿದ್ದೇನೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಗೋಪುರ ಬುಡದಲ್ಲಿ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಎರಡು ಕಲ್ಲಿನ ನಡುವೆ ಉಗುರು ಸಹ ತೂರುವುದಿಲ್ಲ. ಒಳಗಿನ ಮೆಟ್ಟಿಲೇರಿ ಅಟ್ಟದ ಕಿಂಡಿಯಿಂದ ಹೊರಗೆ ಬಾಗಿದರೆ, ಎಸಳುಗಳು! ಅಂಗೈ ಎತ್ತಿ ನಿಂತ ಹಾಗೆ ಸುತ್ತಲೂ ಇವೆ. ಒಂದರ ಮೂಲೆಯಲ್ಲಿ ಒಂದೇ ಒಂದು ಸುತ್ತಿಗೆ ಏಟಿನ ಗುರುತಿದೆ. ಒಂದೇ ಏಟು ಹಾಕಿ ಸುತ್ತಿಗೆ ಇಟ್ಟುಬಿಟ್ಟಿದ್ದಾನೆ. ಕೈ ಚಾಚಿ ಆ ಗುರುತನ್ನು ಸವರಿದೆ. ಆ ಸಾಹೇಬನ ಮೇಲೆ ಸಿಟ್ಟೂ ಬಂತು. ಇನ್ನು ನಾಲ್ಕು ಏಟು ಹಾಕಿದ್ದರೆ ಟೊಪ್ಪಿಗೆ ಹೊರಳುತ್ತಿತ್ತು, ನನ್ನ ಗಂಡ ನಡೆಯುತ್ತಿದ್ದರು.

ನಾಲ್ಕನೆಯ ರೆಕ್ಕೆಯ ತಾಡಪತ್ರಿ ಅರ್ಧ ಬಿಚ್ಚಿ ಪಟಪಟ ಬಡಿದುಕೊಳ್ಳುತ್ತಿದೆ. ಗಾಳಿ ಹಿಂದಿನಿಂದ ತುಂಬಿದಾಗಲೆಲ್ಲ ಒಳಗಿನ ತೊಲೆ ನರಳುತ್ತದೆ. ಭಾಗಪ್ಪ ಹೊಲದಿಂದಲೇ ಕೂಗಿದ: "ಅಕ್ಕೋರ, ಅಲ್ಲಿ ನಿಂದರಬ್ಯಾಡ್ರಿ!"

೨೦ ಡಿಸೆಂಬರ್, ಶುಕ್ರವಾರ

ಮೂಡಗಾಳಿ. ಧೂಳು.

ರಜೆ ಹಾಕಿ ಕಚೇರಿಗಳನ್ನು ಅಲೆದೆ. ಯಾಕೆ ಅಲೆದೆನೋ. ಹಳೇ ಕಟ್ಟಡಗಳನ್ನು ಕಾಯುವ ಕಚೇರಿಯ ಗುಮಾಸ್ತರು ಎಲ್ಲ ಕೇಳಿಕೊಂಡರು, ಚಹಾ ತರಿಸಿದರು. "ಅಕ್ಕೋರ, ಈ ಊರಾಗ ಮುನ್ನೂರು ವರ್ಷದ ಮಹಾಲಿನ್ಯಾಗ ಎಮ್ಮಿ ಕಟ್ಟತಾರ. ಅವನ್ನ ಬಿಡಿಸ್ಯಾಡಾಕ ನಮಗ ಆಗವಲ್ದು. ನಿಮ್ಮ ಗಿರಣಿ ಇನ್ನೂ ಕೂಸು," ಎಂದರು.

ರಸ್ತೆಯ ದೊಡ್ಡ ಇಂಜಿನಿಯರರ ಹತ್ತಿರ ಹೋದೆ. ರಸ್ತೆಯನ್ನು ಸ್ವಲ್ಪ ಬಾಗಿಸಬಹುದಲ್ಲ ಎಂದೆ. ಅವರು, "ಹಳೇ ಕಟ್ಟಡ ಅಮ್ಮಾ ಅದು. ಮುದಿಯಾಗಿದೆ. ಯಾರ ಮೇಲಾದರೂ ಬಿದ್ದರೆ?" ಎಂದರು. ಅವರೂ ಚಹಾ ತರಿಸಿದರು.

ಒಬ್ಬರಿಗೆ ಅದು ಕೂಸು, ಇನ್ನೊಬ್ಬರಿಗೆ ಮುದುಕಿ. ಎರಡು ಚಹಾ ಕುಡಿದು ಮನೆಗೆ ಬಂದೆ. ಗುರಲಿಂಗಪ್ಪನವರು ಕಚೇರಿಯ ಮೆಟ್ಟಿಲ ತನಕ ಬಂದು, "ನನ್ನ ಕೈಯಾಗ ಏನೂ ಇಲ್ರಿ ಅಕ್ಕೋರ," ಎಂದು ಎರಡೂ ಅಂಗೈ ತೋರಿಸಿದರು. ನನ್ನ ಕೈಯಲ್ಲಿ ಮಾತ್ರ ಏನಿದೆ?

೨೫ ಡಿಸೆಂಬರ್

ಬಕ್ರೀದ್. ಇವರನ್ನು ಒರೆಸಿ ಹೊಸ ಅಂಗಿ ತೊಡಿಸಿದೆ. "ಮುಂದಿನ ಹಬ್ಬಕ್ಕ ನಮಾಜಿಗಿ ನಾನ ನಡಕೊಂಡು ಹೋಗ್ತೀನಿ," ಎಂದರು. ಹೂಂ ಎಂದೆ. ಮೂಡಗಾಳಿ ಜೋರಾಗಿದೆ.

೫ ಜನವರಿ ೧೯೭೫, ರವಿವಾರ

ಹೊಸ ಡೈರಿ ಸಿಗಲಿಲ್ಲ. ಹಳೆಯದರಲ್ಲಿ ಜನವರಿ ಪೂರ್ತಿ ಖಾಲಿ ಇದೆ, ಅದರಲ್ಲೇ ಬರೆಯುತ್ತೇನೆ.

ಹಾಲಿನವನು ಸುದ್ದಿ ತಂದ. ಗಿರಣಿಯ ಟೊಪ್ಪಿಗೆ ವಾಲಾಡುತ್ತಿದೆಯಂತೆ, ಸದ್ದು ಹೊಲದ ತನಕ ಕೇಳುತ್ತದಂತೆ. ಇವರು ಕೇಳಿಸಿಕೊಂಡು ಗೋಡೆಯ ಕಡೆ ಮುಖ ಮಾಡಿದರು. ಕಣ್ಣೀರು ತಲೆದಿಂಬಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಬಿದ್ದ ದಿನವೂ ಇವರು ಅತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಹ್ಯಾಂಗ ಕಟ್ಟೂದು ನನಗ ತೋರಸ್ರಿ," ಎಂದೆ.

ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹೊದಿಕೆಯನ್ನು ಹಗ್ಗದಂತೆ ಹೊಸೆದು ಮಂಚದ ಕಾಲಿಗೆ ಸುತ್ತಲು ಹೇಳಿದರು. ಮೊದಲು ಎರಡು ಸುತ್ತು, ನಡುವೆ ತೂರಿಸು, ಎಳಿ, ಮೊಣಕಾಲು ಒತ್ತಿ ಎಳಿ. ನಾನು ಕಟ್ಟಿದ ಗಂಟು ಮೊದಲು ಜಾರಿತು. "ನಿಮ್ಮ ಸಾಲಿ ಹುಡಿಗ್ಯಾರ ಜಡಿ ಅಲ್ಲ ಅದು," ಎಂದು ನಕ್ಕರು. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಬೇಡ ಎನ್ನಲಿಲ್ಲ.

ಗಾಂಧಿ ಚೌಕಕ್ಕೆ ಹೋಗಿ ಹೊಸ ಹಗ್ಗ ತಂದೆ.

೧೨ ಜನವರಿ, ರವಿವಾರ

ಮೂಡಗಾಳಿ, ಬೆಳಿಗ್ಗೆ ಮೆಲ್ಲಗೆ, ಬಿಸಿಲೇರಿದಂತೆ ಜೋರು. ಇವರು ಹೇಳಿದ್ದಂತೆ ಬಿಸಿಲೇರುವ ಮೊದಲೇ ಏರಿದೆ.

ಭಾಗಪ್ಪ ಬೈದುಕೊಳ್ಳುತ್ತಲೇ ಕೆಳಗೆ ಹಗ್ಗ ಹಿಡಿದ. ಸೀರೆಯನ್ನು ಕಚ್ಚೆ ಹಾಕಿ ಬಿಗಿದೆ. ರೆಕ್ಕೆಗೆ ಅಡ್ಡಪಟ್ಟಿಗಳಿವೆ, ಏಣಿ ಏರಿದ ಹಾಗೆಯೇ. ಆದರೆ ಏಣಿ ಉಸಿರಾಡುವುದಿಲ್ಲ, ಇದು ಉಸಿರಾಡುತ್ತದೆ. ಎಷ್ಟು ಹೆದರಿದೆನೆಂದರೆ ಬಾಯಲ್ಲಿ ಕಲ್ಮಾ ಸಹ ಬರಲಿಲ್ಲ, ಮಗ್ಗಿ ಬಂತು. ಏಳರ ಮಗ್ಗಿ ಹೇಳುತ್ತ ತಾಡಪತ್ರಿಯ ಗಂಟುಗಳನ್ನು ಬಿಚ್ಚಿದೆ. ಇವರು ಬಿದ್ದ ಜಾಗದಲ್ಲಿ ಒಂದು ಪಟ್ಟಿ ಮುರಿದಿತ್ತು. ಅದನ್ನು ದಾಟಿ ಮೇಲಿನದಕ್ಕೆ ಕಾಲಿಟ್ಟೆ. ತಾಡಪತ್ರಿ ಕೆಳಗೆ ಬಿತ್ತು. ಇಳಿದು ಬಂದು ರೆಕ್ಕೆಯನ್ನು ಕಲ್ಲಿನ ಬಳೆಗೆ ಬಿಗಿದೆ. ಮೊಣಕಾಲು ಒತ್ತಿ ಎಳೆದೆ. ತೊಲೆಯ ನರಳಾಟ ನಿಂತಿತು.

ಹಾರಿಕೊಂಡೇ ಮನೆಗೆ ಬಂದೆ. "ಕಟ್ಟಿ ಬಂದೀನ್ರಿ! ಗಂಟು ಜಾರಿಲ್ಲ!"

ಇವರು ನನ್ನ ಅಂಗೈ ತಿರುವಿ ನೋಡಿದರು. ಹಗ್ಗ ಉಜ್ಜಿ ತೊಗಲು ಎದ್ದಿತ್ತು. ಅದರ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ನಾ ಏಳೂದಿಲ್ಲಂತ ಡಾಕ್ಟರ್ ಹೇಳ್ಯಾರ, ಹೌದಿಲ್ಲೊ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ನಾ ಏಳಾಂವ ಇದ್ರ ನೀ ಏರತಿದ್ದಿಲ್ಲ, ಸಬೀರಾ. ನಿನಗ ಆ ಗಿರಣಿ ಕಂಡ್ರ ಆಗೂದಿಲ್ಲ. 'ನೀವ ಎದ್ದು ಕಟ್ಟಕೋರಿ' ಅಂತಿದ್ದಿ. 'ಹ್ಯಾಂಗ ಕಟ್ಟೂದು' ಅಂತ ಕೇಳಿದಿ ನೋಡು, ಆವತ್ತ ತಿಳೀತು ನನಗ."

ಒಂದು ವಾರ ತಿಳಿದೂ ಸುಮ್ಮನಿದ್ದು ನನಗೆ ಗಂಟು ಕಲಿಸಿದ್ದಾರೆ.

೧೩ ಜನವರಿ

ಮೂಡಗಾಳಿ. ಇವರು ಮಾತಾಡುತ್ತಿಲ್ಲ.

೯ ಫೆಬ್ರವರಿ, ರವಿವಾರ

ಗಾಳಿ ಬಿದ್ದಿದೆ. ಎಲೆ ಅಲುಗುವುದಿಲ್ಲ.

ಹೊರಳಿಸಿದರೆ ಹೊರಳುತ್ತಾರೆ, ತಿನ್ನಿಸಿದರೆ ತಿನ್ನುತ್ತಾರೆ. ಅತ್ತೆ ಒಂದೇ ಸಮನೆ ಅಳುತ್ತಾರೆ. ಅವರಿಗೂ ಈಗ ಎಲ್ಲ ಗೊತ್ತು. ನನಗೆ ಅಳಲು ಬರುತ್ತಿಲ್ಲ. ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ದಿಕ್ಕುಗಳ ಪಾಠವಿತ್ತು. ನಡುವೆಯೇ ನಿಂತುಬಿಟ್ಟೆ. ಹುಡುಗಿಯರು ಪಿಸುಗುಟ್ಟಿದರು.

೨೩ ಮಾರ್ಚ್, ರವಿವಾರ

ಬೆಳಿಗ್ಗೆ ತೆಂಕಣದಿಂದ ತುಸು ಗಾಳಿ, ಆಮೇಲೆ ಬರೀ ಝಳ.

ಇಂದು ಗಿರಣಿ ಕೆಡವುವ ವಿಷಯ ಹೇಳಿದೆ. ಒಂದು ಸುಳ್ಳಿನಿಂದ ಇಷ್ಟಾಯಿತು, ಇನ್ನೊಂದನ್ನು ಇಟ್ಟುಕೊಂಡು ಏನು ಮಾಡಲಿ? ಮೊದಲು ನಾನೇ ಕೆಡವಿರಿ ಎಂದಿದ್ದೆ ಎಂಬುದನ್ನೂ ಹೇಳಿದೆ. ಇವರು ಮಾಳಿಗೆಯ ಜಂತಿ ನೋಡುತ್ತ ಕೇಳಿಸಿಕೊಂಡರು.

"ಹಗ್ಗ ಸಡ್ಲ ಆಗಿರಬೇಕು," ಎಂದರು. "ಬ್ಯಾಸಗಿಗೆ ಹಗ್ಗ ಸಡ್ಲ ಆಕ್ಕೈತಿ. ಹೋಗಿ ಬಿಗದು ಬಾ."

"ಕೆಡವತಾರ ಅಂತ ಹೇಳಾಕತ್ತೇನಿ."

"ಕೆಡವೂತನಕಾ ಗಿರಣಿನ ಅಲ್ಲೇನು?"

ಎರಡು ತಿಂಗಳ ಮೇಲೆ ಆಡಿದ ಮಾತು. ಹೋಗಿ ಬಿಗಿದು ಬಂದೆ. ನಿಜಕ್ಕೂ ಸಡಿಲವಾಗಿತ್ತು.

೨೫ ಮೇ, ರವಿವಾರ

ಪಡುವಲ ಗಾಳಿ. ಈ ಸಲ ಬೇಗ ಬಂದಿದೆ.

ಇಂದು ಕೆಡವಲು ಶುರು ಮಾಡಿದರು. ಇವರು "ನೀ ಹೋಗು" ಎಂದರು. ಅಷ್ಟೆ. ನಾನು ತಲುಪುವ ಹೊತ್ತಿಗೆ ಒಬ್ಬ ಕೂಲಿಯವನು ಕುಡುಗೋಲು ಹಿಡಿದು ಹಗ್ಗ ಕೊಯ್ಯಲು ನಿಂತಿದ್ದ. ಬೇಡ ಎಂದೆ. ನಾನೇ ಬಿಚ್ಚುತ್ತೇನೆ ಎಂದೆ. ಗುರಲಿಂಗಪ್ಪನವರು ಅವನನ್ನು ಹಿಂದಕ್ಕೆ ಕರೆದರು.

"ಬ್ರೇಕೂ ಒಮ್ಮಿ ಬಿಡ್ಲೇನ್ರಿ?" ಎಂದು ಕೇಳಿದೆ. ಅವರು ಸುತ್ತ ನೋಡಿ, ಸೈಕಲ್ ಒರೆಸುವವರಂತೆ ಆ ಕಡೆ ತಿರುಗಿ ನಿಂತರು.

ಗಂಟು ಬಿಚ್ಚಿದೆ. ಒಳಗೆ ಹೋಗಿ, ಹಲ್ಲಿನ ಗಾಲಿಯನ್ನು ಹಿಡಿದಿಟ್ಟಿದ್ದ ಬ್ರೇಕು ಬಿಡುವಂತೆ ಅದರ ಹಗ್ಗ ಜಗ್ಗಿದೆ. ಹೊರಗೆ ಬಂದು ನೋಡಿದೆ. ಎಂಥ ಒಳ್ಳೆಯ ಗಾಳಿ! ಮುಖಕ್ಕೆ ಸರಿಯಾಗಿ ಬರುತ್ತಿತ್ತು. ಆದರೆ ತಾಡಪತ್ರಿ ಇಲ್ಲದ ಬರೀ ಎಲುಬಿಗೆ ಗಾಳಿ ಏನು ಹಿಡಿದೀತು? ಕೆಳಗಿನ ರೆಕ್ಕೆ ಒಂದು ಮೊಳ ಅಲುಗಿ ನಿಂತಿತು. ಇನ್ನೊಮ್ಮೆ ಅಲುಗುತ್ತದೆಂದು ಕಾದೆ. ಕೂಲಿಯವರೂ ಹಾರೆ ಊರಿಕೊಂಡು ಕಾದರು. ಅಲುಗಲಿಲ್ಲ.

ಆಮೇಲೆ ಅವರು ಏರಿದರು. ಎಸಳಿಗೆ ಮೊದಲ ಏಟು ಬಿದ್ದಾಗ ನಾನು ಬಸ್ಸಿನ ದಾರಿ ಹಿಡಿದೆ. ನೋಡುವುದು ನನ್ನಿಂದಾಗಲಿಲ್ಲ. ದಾರಿಯುದ್ದಕ್ಕೂ ಬಾಯಿಬಿಟ್ಟು ಅಳುತ್ತ ನಡೆದೆ. ಹೆತ್ತ ತಾಯಿ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಸವತಿಗಾಗಿ ಅಳುವ ಹೆಂಗಸನ್ನು ಯಾರಾದರೂ ಕಂಡಿದ್ದಾರೆಯೇ?

ಇವರು ಕೇಳಿದ್ದು ಒಂದೇ. "ತಿರಗಿತೇನು?"

ಒಂದು ಸುತ್ತು ಎನ್ನಬಹುದಿತ್ತು. "ಒಂದು ಮೊಳ," ಎಂದೆ.

"ತಾಡಪತ್ರಿ ಇಲ್ದ ಒಂದು ಮೊಳ," ಎಂದು ಇವರು ಕಣ್ಣು ಮುಚ್ಚಿದರು.

೧ ಜೂನ್, ರವಿವಾರ

ಪಡುವಲ ಗಾಳಿ, ಮೋಡ.

ಗುರಲಿಂಗಪ್ಪನವರು ಸೈಕಲ್ಲಿನ ಹಿಂದೆ ಗೋಣಿಚೀಲದಲ್ಲಿ ಕಟ್ಟಿಕೊಂಡು ಒಂದು ಎಸಳು ತಂದಿದ್ದರು. ತುದಿ ಮುರಿದಿದೆ. ಉಳಿದವೆಲ್ಲ ರಸ್ತೆಯ ಬುಡ ಸೇರಿದವಂತೆ. ಸುತ್ತಿಗೆ ಏಟಿನ ಗುರುತು ಹುಡುಕಿದೆ. ಇರಲಿಲ್ಲ. ಇದು ಬೇರೆ ಎಸಳು.

ಇವರ ಎದೆಯ ಮೇಲೆ ಇಟ್ಟೆ. ಭಾರವಾಯಿತೇನೋ, ಸ್ವಲ್ಪ ಹೊತ್ತು ಸವರಿ "ತಗಿ" ಎಂದರು. ಅತ್ತೆ ಅದನ್ನು ಅಂಗಳಕ್ಕೆ ಒಯ್ದು ಅದರ ಮೇಲೆ ಶೇಂಗಾ ಒಡೆಯುತ್ತಿದ್ದಾರೆ. ಬೈಯಬೇಕೆಂದುಕೊಂಡೆ. ಬೈಯಲಿಲ್ಲ.

೮ ಜೂನ್, ರವಿವಾರ

ನಾಳೆಯಿಂದ ಸಾಲೆ. ಮುಂಜಾನೆ ಎರಡು ಹನಿ ಬಿದ್ದು ನಿಂತಿತು. ಹಿಟ್ಟು ಮುಗಿದಿದೆ, ಕರೆಂಟಿನ ಗಿರಣಿಗೆ ಒಯ್ಯಬೇಕು. ಆ ಹಿಟ್ಟು ಬಿಸಿಯಾಗಿ ಬರುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅತ್ತೆ ಈಗಲೇ ಗೊಣಗುತ್ತಿದ್ದಾರೆ.

ಎದ್ದಾಗ ಇವರು ಎಚ್ಚರವಾಗಿದ್ದರು. ಗಾಳಿ ಯಾವ ಕಡೆಯದೆಂದು ಕೇಳಲಿಲ್ಲ. ಈಗೀಗ ಕೇಳುವುದಿಲ್ಲ. ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿದೆ, ಅಂಗಿ ಬದಲಿಸಿದೆ. ಹಿತ್ತಲ ಕಡೆಯ ಕಿಟಕಿ ತೆರೆದೆ.

ಗಾಳಿ ಪಡುವಲದ್ದು. ಇವರನ್ನು ಆ ಕಡೆಗೆ ಹೊರಳಿಸಿದೆ.